ಎಳೆಯುವ ಬಲವೂ ತಡೆಯುವ ಬಲವೂ: ಅಮೆರಿಕದ ಮೂರು ಡೀಸೆಲ್ ಟ್ರಕ್ಕುಗಳು

2025ರ ಬೇಸಗೆಯ ರಜೆಯಲ್ಲಿ ನಾನು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಒಂದು ಶನಿವಾರ ನೆರೆಮನೆಯ ಗೃಹಸ್ಥರೊಬ್ಬರು ತಮ್ಮ ಹೊಸ ಡೀಸೆಲ್ ಟ್ರಕ್ಕಿನಲ್ಲಿ ನಮ್ಮನ್ನು ಪರ್ವತಪ್ರದೇಶಕ್ಕೆ ಕರೆದೊಯ್ದರು. ಟ್ರಕ್ಕಿನ ಹಿಂದೆ ಒಂದು ಟ್ರೈಲರು. ಟ್ರೈಲರೆಂದರೆ ನಮ್ಮ ಊರಿನ ಟ್ರ್ಯಾಕ್ಟರುಗಳ ಹಿಂದೆ ಕಾಣುವ ತೊಟ್ಟಿಯಲ್ಲ. ಅಡಿಗೆಮನೆ, ಮಲಗುವ ಕೋಣೆ, ಸ್ನಾನದ ಮನೆ ಎಲ್ಲವನ್ನೂ ಒಳಗೊಂಡು ಗಾಲಿಗಳ ಮೇಲೆ ನಿಂತ ಒಂದು ಪೂರ್ಣ ಗೃಹ. ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೋಗುವ 70ನೆಯ ಹೆದ್ದಾರಿಯು ಏರುತ್ತ ಏರುತ್ತ, ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಆಚೆಗೆ ಹೊರಬೀಳುತ್ತದೆ. ಅಲ್ಲಿಂದ ಸಿಲ್ವರ್‌ಥಾರ್ನ್ ಎಂಬ ಊರಿನವರೆಗೆ ಸುಮಾರು ಎಂಟು ಮೈಲಿ ಒಂದೇ ಸಮನೆ ಇಳಿಜಾರು.

ಏರುವಾಗ ಆ ಗೃಹಸ್ಥರು ತಮ್ಮ ಎಂಜಿನಿನ ಬಲವನ್ನು ಬಹಳವಾಗಿ ಕೊಂಡಾಡಿದರು. ಕೊಂಡಾಡುವಂತೆಯೇ ಇತ್ತು, ಹಿಂದೆ ಒಂದು ಮನೆಯಿದೆಯೆಂಬುದೇ ನಮಗೆ ಮರೆತುಹೋಗುವಷ್ಟು ಸಲೀಸಾಗಿ ಅದು ಏರಿತು. ಆದರೆ ಸುರಂಗವನ್ನು ದಾಟಿ ನಾಲ್ಕು ಮೈಲಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆಯೊಂದು ಮೂಗಿಗೆ ಬಡಿಯಿತು. ರಸ್ತೆಯ ಅಂಚಿಗೆ ನಿಲ್ಲಿಸಿ ನೋಡಿದರೆ ಟ್ರೈಲರಿನ ಗಾಲಿಗಳಿಂದ ಹೊಗೆ ಏಳುತ್ತಿದೆ! ಅದೃಷ್ಟವಶಾತ್ ಯಾರಿಗೂ ಏನೂ ಆಗಲಿಲ್ಲ. ಮುಕ್ಕಾಲು ಗಂಟೆ ತಂಗಾಳಿಯಲ್ಲಿ ನಿಂತು, ಬ್ರೇಕುಗಳು ಆರಿದ ಮೇಲೆ ಮೆಲ್ಲನೆ ಇಳಿದೆವು. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಆ ಇಳಿಜಾರಿನ ಮಗ್ಗುಲಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಕಟ್ಟಿದ್ದಾರೆ. ಅದರ ಪಕ್ಕದಲ್ಲಿ ಹಾದುಹೋಗುವಾಗ ಕಾರಿನೊಳಗೆ ಯಾರೂ ಮಾತಾಡುವುದಿಲ್ಲ ಎಂಬುದನ್ನು ಆ ದಿನ ಕಂಡುಕೊಂಡೆ.

ಭಾವನವರು ಮರುವರ್ಷ ನಿವೃತ್ತರಾಗುವವರಿದ್ದರು. ಇಂಥದೇ ಟ್ರಕ್ಕು, ಟ್ರೈಲರು ಕೊಂಡು ವರ್ಷಕ್ಕೆ ನಾಲ್ಕು ತಿಂಗಳು ಅಕ್ಕನೊಡನೆ ಆ ದೇಶವನ್ನು ಸುತ್ತಬೇಕೆಂಬುದು ಅವರ ಬಹುದಿನದ ಆಸೆ. ಅಂದು ರಾತ್ರಿ ಊಟವಾದ ಮೇಲೆ ಮೂರು ಕಂಪನಿಗಳ ಪತ್ರಕಗಳನ್ನು ನನ್ನ ಮುಂದೆ ಹರಡಿ, “ನೀನು ಫಿಸಿಕ್ಸ್ ಹೇಳಿಕೊಡುವವನಲ್ಲವೇನಪ್ಪ, ಇವುಗಳಲ್ಲಿ ಯಾವುದೆಂದು ಹೇಳು ನೋಡೋಣ” ಎಂದರು. ಆ ರಾತ್ರಿ ಆರಂಭವಾದ ಲೆಕ್ಕಾಚಾರವೇ ಈ ಲೇಖನ. ಈ ವಾಹನಗಳನ್ನು ನಮ್ಮ ದೇಶದಲ್ಲಿ ಮಾರುವುದಿಲ್ಲ, ನಿಜ. ಆದರೆ ಶಿರಾಡಿಯ ಲಾರಿಯನ್ನೂ ರಾಕಿ ಪರ್ವತದ ಟ್ರಕ್ಕನ್ನೂ ಕೆಳಗೆಳೆಯುವ ಗುರುತ್ವ ಒಂದೇ ಅಲ್ಲವೆ?

ಭಾರ ಎಳೆಯುವ ದೊಡ್ಡ ಡೀಸೆಲ್ ಪಿಕಪ್ಪುಗಳನ್ನು ಅಮೆರಿಕದಲ್ಲಿ ಮಾಡುವವರು ಮುಖ್ಯವಾಗಿ ಮೂವರು. ಫೋರ್ಡ್ ಕಂಪನಿಯ ಸೂಪರ್ ಡ್ಯೂಟಿ. ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ಸಿಲ್ವರಾಡೊ ಮತ್ತು ಅದರ ಜೋಡಿಯಾದ ಜಿ.ಎಂ.ಸಿ. ಸಿಯೆರಾ, ಹಿಂದೆ ಡಾಜ್ ಎಂಬ ಹೆಸರಿನಲ್ಲಿದ್ದ ರ‍್ಯಾಮ್. ಫೋರ್ಡಿನಲ್ಲಿ 6.7 ಲೀಟರಿನ ಪವರ್ ಸ್ಟ್ರೋಕ್ ಎಂಜಿನು, ಜಿ.ಎಂ.ನಲ್ಲಿ 6.6 ಲೀಟರಿನ ಡ್ಯುರಾಮ್ಯಾಕ್ಸ್. ಇವೆರಡರಲ್ಲಿಯೂ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕಾಗಿ ವಿ ಆಕಾರದಲ್ಲಿ ನಿಂತಿವೆ. ರ‍್ಯಾಮ್‌ನಲ್ಲಿ ಇರುವುದು ಇಂಡಿಯಾನ ರಾಜ್ಯದ ಕೊಲಂಬಸ್ ಊರಿನಲ್ಲಿ 1919ರಲ್ಲಿ ಸ್ಥಾಪಿತವಾದ ಕಮಿನ್ಸ್ ಕಂಪನಿಯ 6.7 ಲೀಟರಿನ ಎಂಜಿನು; ಅದರ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ. 2025ರ ಮಾದರಿಗಳಲ್ಲಿ ರ‍್ಯಾಮ್ 430 ಅಶ್ವಶಕ್ತಿ ಮತ್ತು 1,075 ಅಡಿ-ಪೌಂಡು, ಜಿ.ಎಂ. 470 ಮತ್ತು 975, ಫೋರ್ಡಿನ ಹೆಚ್ಚು ಬಲದ ಎಂಜಿನು 500 ಮತ್ತು 1,200 ಎಂದು ಪ್ರಕಟಿಸಿವೆ. 1989ರ ಮಾದರಿಯಾಗಿ ಡಾಜ್ ಟ್ರಕ್ಕಿನಲ್ಲಿ ಕಮಿನ್ಸ್ ಎಂಜಿನು ಮೊದಲು ಬಂದಾಗ ಈ ಅಂಕಿಗಳು 160 ಮತ್ತು 400 ಆಗಿದ್ದವು. ಆಗ ಅದೇ ದೊಡ್ಡ ಮಾತಾಗಿತ್ತು.

ಇಂಥ ಕೆಲಸಕ್ಕೆ ಡೀಸೆಲೇ ಏಕೆ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ವಾಚಕರೆಲ್ಲರೂ ಬಲ್ಲರು. ಗಾಳಿಯನ್ನು ಹಠಾತ್ತನೆ ಒತ್ತಿದರೆ ಅದು ಕಾಯುತ್ತದೆ. ಹದಿನಾರನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತಿದರೆ ಅದರ ಉಷ್ಣತೆ 500 ಸೆಂಟಿಗ್ರೇಡ್ ಡಿಗ್ರಿಯನ್ನೂ ಮೀರುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಸಹಾಯವಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಯಂತ್ರದ ತಿರುಳು ಇಷ್ಟೇ. ಅವನ ಆ ಯಂತ್ರವು ಎಣ್ಣೆಯ ಶಾಖದಲ್ಲಿ ಸುಮಾರು ನೂರಕ್ಕೆ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಹಬೆಯ ಯಂತ್ರಗಳು ಇದರ ಹತ್ತಿರಕ್ಕೂ ಬರುವಂತಿರಲಿಲ್ಲ. ಒತ್ತಡದ ಪ್ರಮಾಣ ಹೆಚ್ಚಿದಷ್ಟೂ ಶಾಖದಿಂದ ದೊರೆಯುವ ಕೆಲಸವೂ ಹೆಚ್ಚು ಎಂಬುದು ಉಷ್ಣಗತಿಶಾಸ್ತ್ರದ ನಿಯಮ. ಪೆಟ್ರೋಲನ್ನು ಅಷ್ಟು ಒತ್ತಿದರೆ ಅಕಾಲದಲ್ಲಿ ಸಿಡಿಯುತ್ತದೆ. ಡೀಸೆಲಿಗೆ ಆ ಭಯವಿಲ್ಲ, ಏಕೆಂದರೆ ಒತ್ತುವಾಗ ಸಿಲಿಂಡರಿನಲ್ಲಿ ಬರಿಯ ಗಾಳಿಯಿರುತ್ತದೆ. ಒಂದು ಲೀಟರು ಡೀಸೆಲಿನಲ್ಲಿ ಅಡಗಿರುವ ಶಕ್ತಿಯೂ ಅಷ್ಟೇ ಪೆಟ್ರೋಲಿಗಿಂತ ಸ್ವಲ್ಪ ಹೆಚ್ಚು. ಹೀಗೆ ದಿನವಿಡೀ ಭಾರ ಎಳೆಯುವವನಿಗೆ ಡೀಸೆಲಿನಲ್ಲಿ ಲಾಭವಿದೆ.

ಇನ್ನು ಅಂಕಿಗಳ ವಿಚಾರ. ಜಾಹೀರಾತುಗಳೆಲ್ಲ ಟಾರ್ಕ್, ಅಂದರೆ ತಿರುಗಿಸುವ ಬಲವನ್ನು ಮುಂದಿಟ್ಟು ಮೆರೆಸುತ್ತವೆ. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯನ್ನು ಒಂದು ಪೌಂಡು ಬಲದಿಂದ ಒತ್ತಿದರೆ ಅದು ಒಂದು ಅಡಿ-ಪೌಂಡು ಟಾರ್ಕ್. ಆದರೆ ಈ ಬಲ ಗಾಲಿಗೆ ನೇರವಾಗಿ ತಲುಪುವುದಿಲ್ಲ. ನಡುವೆ ಹಲ್ಲಿನ ಚಕ್ರಗಳಿವೆ. ಗೇರನ್ನು ಬದಲಿಸಿ ಟಾರ್ಕನ್ನು ಎಷ್ಟು ಬೇಕಾದರೂ ಹೆಚ್ಚಿಸಿಕೊಳ್ಳಬಹುದು, ಆದರೆ ಅಷ್ಟರಮಟ್ಟಿಗೆ ವೇಗ ಕುಗ್ಗುತ್ತದೆ. ಹೆಚ್ಚಿಸಲಾಗದ್ದು ಸಾಮರ್ಥ್ಯ, ಅಂದರೆ ಕೆಲಸ ಮಾಡುವ ದರ. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಫೋರ್ಡಿನ 1,200 ಅಡಿ-ಪೌಂಡು ಬರುವುದು 1,600 ಸುತ್ತಿನಲ್ಲಿ. ಲೆಕ್ಕ ಹಾಕಿದರೆ 366 ಅಶ್ವಶಕ್ತಿ. ಕಮಿನ್ಸಿನ 1,075 ಬರುವುದು 1,800 ಸುತ್ತಿನಲ್ಲಿ, ಅದು 368! ಪತ್ರಕದಲ್ಲಿ ಅಷ್ಟೊಂದು ದೊಡ್ಡದಾಗಿ ಕಾಣುವ ಅಂತರವು ಆ ಎರಡು ಬಿಂದುಗಳಲ್ಲಿ ಇಲ್ಲವೇ ಇಲ್ಲ. ಫೋರ್ಡಿನ ನಿಜವಾದ ಮೇಲುಗೈ ಇನ್ನೂ ವೇಗವಾಗಿ ತಿರುಗಿದಾಗ ದೊರೆಯುವ 500 ಅಶ್ವಶಕ್ತಿಯಲ್ಲಿದೆ.

ಇಷ್ಟು ಬಲ ಬೇಕೇ ಎಂಬುದನ್ನು ಭಾವನವರ ಲೆಕ್ಕದಲ್ಲಿಯೇ ನೋಡೋಣ. ಅವರು ನೋಡಿಟ್ಟಿದ್ದ ಟ್ರೈಲರಿನ ತೂಕ ಸಾಮಾನುಸಹಿತ 13,500 ಪೌಂಡು. ಟ್ರಕ್ಕು 7,800 ಪೌಂಡು, ಒಳಗಿನ ಜನ ಮತ್ತು ಗಂಟುಮೂಟೆ 700. ಒಟ್ಟು 22,000 ಪೌಂಡು, ಅಂದರೆ ಸುಮಾರು 10 ಟನ್ನು. ಆ ದಾರಿಯ ಕಡಿದಾದ ಭಾಗಗಳಲ್ಲಿ ನೂರಡಿಗೆ 7 ಅಡಿಯಂತೆ ಏರಿದೆ. ಆದುದರಿಂದ ಗುರುತ್ವವು ಹಿಂದಕ್ಕೆ ಎಳೆಯುವ ಬಲ 22,000ದ ನೂರರಲ್ಲಿ 7 ಭಾಗ, 1,540 ಪೌಂಡು. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ 88 ಅಡಿ. ಎರಡನ್ನೂ ಗುಣಿಸಿ 550ರಿಂದ ಭಾಗಿಸಿದರೆ 246 ಅಶ್ವಶಕ್ತಿ. ಗೋಡೆಯಂತೆ ನಿಂತ ಟ್ರೈಲರಿನ ಮುಖಕ್ಕೆ ಬಡಿಯುವ ಗಾಳಿ, ಟೈರುಗಳ ಘರ್ಷಣೆ ಇವಕ್ಕೆ ಸ್ಥೂಲವಾಗಿ ಇನ್ನೊಂದು ನೂರು ಸೇರಿಸಿದರೆ 350ರ ಆಸುಪಾಸು. ಗೇರುಪೆಟ್ಟಿಗೆಯಲ್ಲಿ ಆಗುವ ನಷ್ಟವನ್ನು ಕಳೆದರೂ ಮೂರು ಎಂಜಿನುಗಳೂ ಇದನ್ನು ಕೊಡಬಲ್ಲವು. ಕಮಿನ್ಸ್ ಸ್ವಲ್ಪ ಏದುಸಿರು ಬಿಡಬಹುದು, ಅಷ್ಟೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗ ಮಾತ್ರ. ಆದರೆ ಹೊಗೆಯ ವೇಗದಿಂದಲೇ ತಿರುಗಿ ಗಾಳಿಯನ್ನು ಒಳಕ್ಕೆ ತುರುಕುವ ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಎಂಟು ಮೈಲಿ ಏರಿನಲ್ಲಿ ಅತ್ಯಂತ ಬಲವಾದ ಟ್ರಕ್ಕಿಗೂ ಉಳಿದವಕ್ಕೂ ಒಂದು ನಿಮಿಷದ ಆಸುಪಾಸಿನ ವ್ಯತ್ಯಾಸ ಬಂದೀತು. ಆ ಒಂದು ನಿಮಿಷಕ್ಕಾಗಿ ಸಾವಿರಾರು ಡಾಲರು ತೆರುವುದು ನನ್ನ ಬುದ್ಧಿಗೆ ಹಿಡಿಸದ ಮಾತು.

ಈಗ ಇದೇ ಲೆಕ್ಕವನ್ನು ತಿರುವಿ ಹಾಕಬೇಕು. ಏರುವಾಗ ಎಂಜಿನು ಕೊಟ್ಟ ಶಕ್ತಿ ಎಲ್ಲಿಗೂ ಹೋಗಿಲ್ಲ, ಎತ್ತರದಲ್ಲಿ ಕುಳಿತಿದೆ. ಇಳಿಯುವಾಗ ಅದಷ್ಟೂ ಮರಳಿ ಬರುತ್ತದೆ. ಸುರಂಗದಿಂದ ಸಿಲ್ವರ್‌ಥಾರ್ನ್‌ವರೆಗಿನ ಇಳಿತ ಸುಮಾರು 2,100 ಅಡಿ. 22,000 ಪೌಂಡು ಭಾರವು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಅರ್ಧವನ್ನು ಎದುರುಗಾಳಿಯೂ ಟೈರುಗಳೂ ತಿಂದುಹಾಕಿದವೆಂದು ಉದಾರವಾಗಿ ಹಿಡಿಯೋಣ. ಉಳಿದರ್ಧ 90 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು—ಆ ಎತ್ತರದಲ್ಲಿ ನೀರು 90 ಡಿಗ್ರಿಗೆ ಮೊದಲೇ ಕುದಿಯುತ್ತದೆಂಬುದು ಬೇರೆ ವಿಷಯ. ಮದುವೆಮನೆಯ ಒಂದು ದೊಡ್ಡ ಹಂಡೆ ನೀರನ್ನು ಎಂಟು ಹತ್ತು ನಿಮಿಷಗಳಲ್ಲಿ ಕುದಿಯಿಸಬಲ್ಲ ಈ ಶಾಖವನ್ನೆಲ್ಲ ಕೆಲವು ಅಂಗುಲ ಅಗಲದ ಬ್ರೇಕುಗಳೇ ಹೀರಬೇಕೆಂದರೆ ಹೇಗೆ? ಕಾದ ಬ್ರೇಕಿನ ಪಟ್ಟಿ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಹಿಡಿತ ತಪ್ಪಿತೆಂದು ಚಾಲಕನು ಇನ್ನೂ ಬಲವಾಗಿ ಒತ್ತುತ್ತಾನೆ. ಅದು ಇನ್ನೂ ಕಾಯುತ್ತದೆ. ಅಂದು ನಾವು ಕಂಡ ಹೊಗೆ ಈ ಸರಪಳಿಯ ನಡುವಿನ ಕೊಂಡಿ.

ಪೆಟ್ರೋಲ್ ಕಾರಿನಲ್ಲಿ ಕಾಲು ತೆಗೆದೊಡನೆ ಎಂಜಿನು ತಾನೇ ವೇಗವನ್ನು ತಡೆಯುತ್ತದೆ, ಏಕೆಂದರೆ ಗಾಳಿಯ ಬಾಗಿಲು ಮುಚ್ಚಿ ಪಿಸ್ಟನ್ನುಗಳು ಬರಿದಾದ ಜಾಗದ ವಿರುದ್ಧ ಸೆಣಸಬೇಕಾಗುತ್ತದೆ. ಡೀಸೆಲಿನಲ್ಲಿ ಅಂಥ ಬಾಗಿಲಿನ ತಡೆಯಿಲ್ಲ. ಕಾಲು ತೆಗೆದರೆ ಅದು ಸುಮ್ಮನೆ ಉರುಳುತ್ತದೆ. ಆದುದರಿಂದ ಹೊಗೆಯ ದಾರಿಯನ್ನೇ ಇರುಕಾಗಿಸುವ ಉಪಾಯ ಹೂಡಿದರು. ಟರ್ಬೊವಿನೊಳಗಿನ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯನ್ನು ಅಡ್ಡಗಟ್ಟುತ್ತವೆ. ಪಿಸ್ಟನ್ನುಗಳು ಆ ಒತ್ತಡದ ವಿರುದ್ಧ ಏರಬೇಕಾಗಿ ಬಂದು ಎಂಜಿನು ತಾನೇ ಒಂದು ಬ್ರೇಕಾಗುತ್ತದೆ. ಶಾಖವು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಗಾಳಿಗೆ ಸೇರುತ್ತದೆ. ಗಾಲಿಯ ಬ್ರೇಕು ತಣ್ಣಗೆ ಉಳಿದಿರುತ್ತದೆ. ನಮ್ಮ ಘಾಟಿಗಳ ಬಸ್ಸು ಲಾರಿಗಳಲ್ಲಿಯೂ ಇಂಥ ಹೊಗೆಬ್ರೇಕು ಉಂಟು. ಪಿಕಪ್ ಟ್ರಕ್ಕಿನ ಟರ್ಬೊವಿನಲ್ಲಿಯೇ ಇದನ್ನು ಮೊದಲು ಅಡಕಮಾಡಿ ಕೊಟ್ಟದ್ದು 2007ರಲ್ಲಿ ಬಂದ 6.7 ಲೀಟರಿನ ಕಮಿನ್ಸ್. ಉಳಿದಿಬ್ಬರು ಆಮೇಲೆ ಅಳವಡಿಸಿಕೊಂಡರು. ಎಂಜಿನು ವೇಗವಾಗಿ ತಿರುಗಿದಷ್ಟೂ ಈ ತಡೆ ಹೆಚ್ಚಾದುದರಿಂದ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಹತ್ತಿದ ಗೇರಿನಲ್ಲಿಯೇ ಇಳಿ ಎಂದು ನಮ್ಮ ಲಾರಿಯವರು ಕ್ಲೀನರ್ ಹುಡುಗರಿಗೆ ಹೇಳಿಕೊಡುವುದು ಇದನ್ನೇ. ನೆರೆಮನೆಯವರ ಟ್ರಕ್ಕಿನಲ್ಲಿಯೂ ಹೊಗೆಬ್ರೇಕಿನ ಗುಂಡಿಯಿತ್ತು. ಅವರು ಅದನ್ನು ಒಮ್ಮೆಯೂ ಒತ್ತಿರಲಿಲ್ಲ!

ಕಂಪನಿಗಳು ಪ್ರಕಟಿಸುವ ಎಳೆತದ ಅಂಕಿಗಳನ್ನು ನಂಬಬಹುದೆ? ಹಿಂದೆ ಒಬ್ಬೊಬ್ಬರದು ಒಂದೊಂದು ಅಳತೆಗೋಲಾಗಿತ್ತು. 2008ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು ಒಂದು ಸಮಾನ ಪರೀಕ್ಷೆಯನ್ನು ಗೊತ್ತುಮಾಡಿತು. ಅರಿಜೋನ ಮರುಭೂಮಿಯ ಡೇವಿಸ್ ಅಣೆಕಟ್ಟಿನ ಬಳಿಯಿಂದ 11.4 ಮೈಲಿ ಏರುವ ರಸ್ತೆಯಲ್ಲಿ, 100 ಫ್ಯಾರನ್‌ಹೀಟ್ ಡಿಗ್ರಿಯ ಸೆಕೆಯಲ್ಲಿ, ಒಳಗಿನ ತಂಪುಯಂತ್ರವನ್ನು ಪೂರ್ತಿ ತಿರುಗಿಸಿಟ್ಟು, ಗಂಟೆಗೆ 40 ಮೈಲಿಗೆ ಕಡಮೆಯಾಗದಂತೆ ಟ್ರಕ್ಕು ತನ್ನ ಭಾರವನ್ನು ಎಳೆಯಬೇಕು. ಹಿಂದೆ ಜೋಡಿಗಾಲಿಗಳಿರುವ ದೊಡ್ಡ ಟ್ರಕ್ಕುಗಳಿಗೆ 35 ಮೈಲಿಯ ರಿಯಾಯಿತಿ ಉಂಟು. ಒಳ್ಳೆಯ ಪರೀಕ್ಷೆಯೇ. ಆದರೆ ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದು ಒಬ್ಬ ಚಾಲಕ, ಒಬ್ಬ ಜೊತೆಗಾರ, ತಲಾ 150 ಪೌಂಡು. ನಾಲ್ಕು ಜನ, ಅಕ್ಕಿಯ ಚೀಲ, ಕುಕ್ಕರು ಇವುಗಳೊಡನೆ ಹೊರಡುವ ನಮ್ಮವರ ಸಂಸಾರವು ಅಲ್ಲಿಗೆ ಸೇರಿಲ್ಲ.

ಇಲ್ಲಿಯೇ ಅನೇಕರು ಎಡವುವ ಒಂದು ಸಂಗತಿಯಿದೆ. ಎತ್ತಿನ ಗಾಡಿಯನ್ನು ಹೇರುವುದು ಹೇಗೆಂದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಭಾರ ಹಿಂದಾದರೆ ನೊಗ ಮೇಲೇಳುತ್ತದೆ, ಗಾಡಿ ಹತೋಟಿಗೆ ಬಾರದು. ತೀರ ಮುಂದಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಟ್ರೈಲರಿಗೂ ಇದೇ ನ್ಯಾಯ. ಹಿಂದಿನ ಕೊಂಡಿಗೆ ಸಿಕ್ಕಿಸುವ ಟ್ರೈಲರಾದರೆ ಅದರ ತೂಕದ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಇಲ್ಲವಾದರೆ ವೇಗದಲ್ಲಿ ಹಾವಿನ ಬಾಲದಂತೆ ಓಲಾಡತೊಡಗುತ್ತದೆ. ಟ್ರಕ್ಕಿನ ತೊಟ್ಟಿಯ ನಡುವೆ, ಹಿಂದಿನ ಅಚ್ಚಿನ ನೆತ್ತಿಯ ಮೇಲೆಯೇ ಕೂರುವ ದೊಡ್ಡ ಟ್ರೈಲರುಗಳು ಇಷ್ಟು ಓಲಾಡುವುದಿಲ್ಲ. ಆದರೆ ಅವು ತಮ್ಮ ಭಾರದ ಐದನೆಯ ಒಂದು ಭಾಗದಷ್ಟನ್ನು ಟ್ರಕ್ಕಿನ ಬೆನ್ನಿಗೆ ಹೇರುತ್ತವೆ. ಭಾವನವರ 13,500 ಪೌಂಡಿನ ಟ್ರೈಲರು ಹೀಗೆ ಹೇರುವುದು 2,700 ಪೌಂಡು.

ಇಂಥ ಟ್ರಕ್ಕುಗಳಲ್ಲಿ ಎರಡು ಮುಖ್ಯ ಅಂತಸ್ತುಗಳಿವೆ: ಹಳೆಯ ರೂಢಿಯಂತೆ ಮುಕ್ಕಾಲು ಟನ್ನಿನದು, ಒಂದು ಟನ್ನಿನದು. 250 ಅಥವಾ 2500 ಎಂಬ ಸಂಖ್ಯೆಯಿದ್ದರೆ ಮೊದಲನೆಯದು. 350 ಅಥವಾ 3500 ಇದ್ದರೆ ಎರಡನೆಯದು. ಮುಕ್ಕಾಲು ಟನ್ನಿನ ಅನೇಕ ಟ್ರಕ್ಕುಗಳಿಗೆ ತನ್ನ ತೂಕವೂ ಸೇರಿ ಹೊರಬಹುದಾದ ಮಿತಿ 10,000 ಪೌಂಡು. ಭಾವನವರು ಮೆಚ್ಚಿದ್ದುದು ಅದನ್ನೇ. ನಿಲ್ಲಿಸಲು ಸುಲಭ, ಬೆಲೆಯೂ ಸ್ವಲ್ಪ ಕಡಮೆ. 7,800, ಅದಕ್ಕೆ 700, ಅದಕ್ಕೆ 2,700 ಕೂಡಿಸಿದಾಗ 11,200 ಆಯಿತು. ಎಳೆಯುವ ಅಂಕಿಯಲ್ಲಿ ತೇರ್ಗಡೆಯಾದ ಟ್ರಕ್ಕು ಹೊರುವ ಅಂಕಿಯಲ್ಲಿ ಅನುತ್ತೀರ್ಣವಾಯಿತು! ಡೀಸೆಲ್ ಎಂಜಿನೇ ಇದಕ್ಕೆ ಅರ್ಧ ಕಾರಣ. ಪೆಟ್ರೋಲ್ ಎಂಜಿನಿಗಿಂತ ಅದು ನೂರಾರು ಪೌಂಡು ಹೆಚ್ಚು ತೂಗಿ, ಬೆನ್ನಿಗೆ ಉಳಿಯಬೇಕಾದ ಜಾಗವನ್ನು ತಾನೇ ಕಬಳಿಸಿರುತ್ತದೆ. ಒಂದು ಟನ್ನಿನ ಟ್ರಕ್ಕಿನಲ್ಲಿ, ಹಿಂದೆ ಒಂಟಿಗಾಲಿಗಳಿದ್ದರೂ, ಈ ಮಿತಿ 12,000 ಪೌಂಡಿನ ಆಸುಪಾಸಿನಲ್ಲಿದೆ. ಇಷ್ಟನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಭಾವನವರು ಬಹಳ ಹೊತ್ತು ಮೌನವಾಗಿದ್ದು, “ಅಂಗಡಿಯವನು ಇದನ್ನು ಹೇಳಲೇ ಇಲ್ಲವಲ್ಲಯ್ಯ” ಎಂದರು. ಬಾಗಿಲ ಸಂದಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದು ಬರೆದಿರುತ್ತದೆ, ಓದುವವರು ಕಡಮೆ.

ಸುಖದ ಪ್ರಶ್ನೆಗೆ ಬಂದರೆ, ಭಾರ ಹೊರಲೆಂದು ಕಟ್ಟಿದ ವಾಹನವು ಬರಿದಾಗಿದ್ದಾಗಲೇ ಹೆಚ್ಚು ಕುಲುಕುವುದು. ಸ್ಪ್ರಿಂಗಿನ ಬಿಗಿ ಹಾಗೆಯೇ ಇದ್ದು ಮೇಲಿನ ತೂಕ ಇಮ್ಮಡಿಯಾದರೆ ಕುಣಿತದ ಆವೃತ್ತಿ ಕಾಲುಭಾಗಕ್ಕೂ ಮಿಗಿಲಾಗಿ ತಗ್ಗಿ, ಪಯಣ ಮೃದುವಾಗುತ್ತದೆ. ನಮ್ಮ ಖಾಲಿ ಲಾರಿಯ ಹಿಂಬದಿಯಲ್ಲಿ ಕುಳಿತು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫೋರ್ಡ್ ಹಿಂದಿನ ಅಚ್ಚಿಗೆ ಹಳೆಯ ಕಾಲದ ಪಟ್ಟಿಯ ಕಮಾನುಗಳನ್ನೇ ಇಟ್ಟಿದೆ. ರ‍್ಯಾಮ್ 2014ರಿಂದ ತನ್ನ 2500 ಮಾದರಿಗೆ ಸುರುಳಿ ಸ್ಪ್ರಿಂಗುಗಳನ್ನು ಹಾಕಿತು. ಹೆಚ್ಚು ಹಣ ಕೊಟ್ಟರೆ ಗಾಳಿಚೀಲಗಳೂ ದೊರೆಯುತ್ತವೆ. ಗಾಳಿಚೀಲದಲ್ಲಿ ಒಂದು ಚೆಲುವಾದ ಭೌತವಿಜ್ಞಾನವಿದೆ: ಭಾರ ಹೆಚ್ಚಿದಂತೆ ಒಳಗಿನ ಒತ್ತಡವನ್ನು ಹೆಚ್ಚಿಸಿದರೆ ಅದರ ಬಿಗಿಯೂ ಹೆಚ್ಚಿ, ಕುಣಿತದ ಆವೃತ್ತಿ ಹೆಚ್ಚುಕಡಮೆ ಒಂದೇ ಆಗಿ ಉಳಿಯುತ್ತದೆ.

ಮುಂಭಾಗದಲ್ಲಿ ಜಿ.ಎಂ. ಒಂದೇ ಬೇರೆ ದಾರಿ ಹಿಡಿದಿದೆ. ಅದರ ಎರಡು ಮುಂಗಾಲಿಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯಬಲ್ಲವು. ಫೋರ್ಡ್ ಮತ್ತು ರ‍್ಯಾಮ್‌ಗಳ ನಾಲ್ಕೂ ಗಾಲಿ ಎಳೆಯುವ ಮಾದರಿಗಳಲ್ಲಿ ಮುಂಗಾಲಿಗಳನ್ನು ಒಂದು ಗಟ್ಟಿ ಅಚ್ಚು ಬೆಸೆದಿದೆ. ಒಂದು ಗಾಲಿ ಗುಂಡಿಗೆ ಇಳಿದರೆ ಇನ್ನೊಂದಕ್ಕೂ ಸುದ್ದಿ ಮುಟ್ಟುತ್ತದೆ. ಗಟ್ಟಿ ಅಚ್ಚು ಒರಟು ನೆಲದಲ್ಲಿ ಬಾಳಿಕೆಯದು. ಆದರೆ ಅದರ ಕೀಲುಗಳು ಸವೆದಾಗ, ಯಾವುದೋ ಒಂದು ವೇಗದಲ್ಲಿ ಸಣ್ಣ ಕುಳಿಯೊಂದು ಸಿಕ್ಕರೆ ಸಾಕು, ಮುಂಗಾಲಿಗಳೆರಡೂ ಪಕ್ಕಕ್ಕೆ ನಡುಗಲಾರಂಭಿಸಿ, ಅನುರಣನದಿಂದ ನಡುಕ ಬೆಳೆಯುತ್ತ ಹೋಗಿ, ಕೈಚಕ್ರವನ್ನು ಹಿಡಿಯುವುದೇ ಕಷ್ಟವಾಗಬಹುದು. ಅಲ್ಲಿನ ಚಾಲಕರು ಇದನ್ನು ‘ಮೃತ್ಯುಕಂಪನ’ವೆನ್ನುತ್ತಾರೆ, ವೇಗ ತಗ್ಗಿಸಿದರೆ ನಿಲ್ಲುತ್ತದೆ. ಬರಿದಾದ ಟ್ರಕ್ಕಿನಲ್ಲಿ ದೂರ ಹೋಗುವವರಿಗೆ, ಅದರಲ್ಲಿಯೂ ನನ್ನ ಅಕ್ಕನಂತೆ ಬೆನ್ನುನೋವಿರುವವರಿಗೆ, ಜಿ.ಎಂ. ವಾಹನವೇ ಮೇಲೆಂದು ನನಗೆ ತೋರಿತು. ಸದ್ದಿನ ಭೇದ ಈಗ ಬಹಳ ಉಳಿದಿಲ್ಲ. ಎಣ್ಣೆಯನ್ನು ಒಂದೇ ಸಲಕ್ಕೆ ಸುರಿಯದೆ ಹಲವು ಸಣ್ಣ ಕಂತುಗಳಲ್ಲಿ ಸಿಂಪಡಿಸುವುದರಿಂದ ಹಳೆಯ ಡೀಸೆಲಿನ ಕಟಕಟ ಶಬ್ದ ಮೂರರಲ್ಲಿಯೂ ತಗ್ಗಿದೆ.

ಬಾಳಿಕೆಯ ಚರ್ಚೆಯಲ್ಲಿ ಅಮೆರಿಕನ್ನರು ಮನೆದೇವರನ್ನು ಸಮರ್ಥಿಸುವ ಭಕ್ತರಂತೆ ವಾದಿಸುವುದನ್ನು ನೋಡಿದ್ದೇನೆ. ಚರಿತ್ರೆಯನ್ನು ನೋಡಿದರೆ ಯಾವ ಮನೆಯ ದೋಸೆಯೂ ತೂತಿಲ್ಲದ್ದಲ್ಲ. ಸಿಲಿಂಡರಿನೊಳಗೆ ಚದರಂಗುಲಕ್ಕೆ 2,500 ಪೌಂಡು ಒತ್ತಡವೆಂದು ಹಿಡಿದರೆ, 107 ಮಿಲಿಮೀಟರು ವ್ಯಾಸದ ಕಮಿನ್ಸ್ ಪಿಸ್ಟನ್ನಿನ ಮೇಲೆ ಪ್ರತಿ ದಹನದಲ್ಲಿಯೂ ಬೀಳುವ ಬಲ 15 ಟನ್ನಿಗೂ ಹೆಚ್ಚು. ಎಂಜಿನಿನ ತಲೆಯನ್ನು ಅಷ್ಟೇ ಬಲವು ಮೇಲಕ್ಕೆ ಕೀಳುತ್ತಿರುತ್ತದೆ. ಅದನ್ನು ಹಿಡಿದಿಡುವುದು ಬೋಲ್ಟುಗಳು. ಜನರಲ್ ಮೋಟಾರ್ಸ್ 1978ರಿಂದ 1985ರವರೆಗೆ ಮಾಡಿದ 5.7 ಲೀಟರಿನ ಡೀಸೆಲು, ಪೆಟ್ರೋಲ್ ಎಂಜಿನಿನ ಬೋಲ್ಟುಗಳ ಏರ್ಪಾಟನ್ನೇ ಉಳಿಸಿಕೊಂಡಿತು. ಬೋಲ್ಟುಗಳು ಹಿಗ್ಗಿದವು, ತಲೆಯ ಸಂದಿನಿಂದ ನೀರು ಒಳನುಗ್ಗಿತು, ಡೀಸೆಲಿನ ಹೆಸರೇ ಆ ದೇಶದಲ್ಲಿ ಕೆಟ್ಟಿತು. ನ್ಯಾವಿಸ್ಟಾರ್ ಕಂಪನಿಯು ಫೋರ್ಡಿಗೆ ಮಾಡಿಕೊಟ್ಟ, 2003ರಿಂದ 2007ರವರೆಗೆ ಈ ಟ್ರಕ್ಕುಗಳಲ್ಲಿ ಬಂದ 6.0 ಲೀಟರಿನ ಎಂಜಿನಿನಲ್ಲಿಯೂ ತಲೆಯ ಸಂದು ಮತ್ತು ತಂಪುಗೊಳಿಸುವ ಭಾಗಗಳು ಸೋತವು. ಎರಡು ಕಂಪನಿಗಳೂ ನ್ಯಾಯಾಲಯದ ಮೆಟ್ಟಿಲೇರಿದವು. ಕೊನೆಗೆ ಫೋರ್ಡ್ 2011ರ ಮಾದರಿಗೆ ತನ್ನದೇ 6.7 ಲೀಟರಿನ ಎಂಜಿನನ್ನು ಕಟ್ಟಿಕೊಂಡಿತು. 2001ರಲ್ಲಿ ಇಸುಜು ಕಂಪನಿಯ ಸಹಯೋಗದಿಂದ ಬಂದ ಮೊದಲ ಡ್ಯುರಾಮ್ಯಾಕ್ಸಿನಲ್ಲಿ ಎಣ್ಣೆ ಸಿಂಪಡಿಸುವ ಮೂತಿಗಳು ಕೆಟ್ಟು, ಅವುಗಳ ಖಾತರಿಯ ಅವಧಿಯನ್ನು ಹೆಚ್ಚಿಸಬೇಕಾಯಿತು. ಕಮಿನ್ಸ್ ಎಂಜಿನಿಗೆ ಗಟ್ಟಿಯೆಂಬ ಹೆಸರಿದ್ದರೂ ಅದರ ಹಿಂದೆ ಜೋಡಿಸಿದ ಹಳೆಯ ಸ್ವಯಂಚಾಲಿತ ಗೇರುಪೆಟ್ಟಿಗೆಗಳಿಗೆ ಆ ಹೆಸರಿರಲಿಲ್ಲ. 2025ರ ಮಾದರಿಯಲ್ಲಿ ಎಂಟು ಗೇರಿನ ಹೊಸ ಪೆಟ್ಟಿಗೆ ಬಂದಿದೆ. ಉಳಿದೆರಡು ಕಂಪನಿಗಳದು ಹತ್ತು ಗೇರಿನದು.

ಆರು ಸಿಲಿಂಡರುಗಳ ಸಾಲಿನಲ್ಲಿ ಒಂದು ಸಹಜವಾದ ಗುಣವಿದೆ. ಅದರ ಪಿಸ್ಟನ್ನುಗಳ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ ನಡುಕವನ್ನು ತಾವೇ ಅಳಿಸಿಕೊಳ್ಳುತ್ತವೆ. ಪ್ರತಿ ಸಿಲಿಂಡರಿನ ಎರಡು ಮಗ್ಗುಲಲ್ಲಿಯೂ ಕ್ರ್ಯಾಂಕ್ ದಂಡಕ್ಕೆ ಆಧಾರವಿದ್ದು, ಆರಕ್ಕೆ ಏಳು ಬೇರಿಂಗುಗಳಾಗುತ್ತವೆ. ಎಂಟು ಸಿಲಿಂಡರಿನ ವಿ ಎಂಜಿನಿನಲ್ಲಿ ಎಂಟಕ್ಕೆ ಐದು ಮಾತ್ರ. ತಲೆಯೂ ಎರಡಲ್ಲ, ಒಂದೇ. ಬಿಚ್ಚಿ ಕಟ್ಟುವವನಿಗೂ ಸುಲಭ. ಯಂತ್ರದ ಸರಳತೆಗೆ ನಾನು ಮನಸೋಲುವವನಾದುದರಿಂದ ಇಲ್ಲಿ ನನ್ನ ಪಕ್ಷಪಾತವನ್ನು ಒಪ್ಪಿಕೊಳ್ಳಬೇಕು.

ಆದರೆ ಈಚಿನ ಎಂಜಿನುಗಳಲ್ಲಿ ಆಪತ್ತು ಬರುವುದು ಈ ದೊಡ್ಡ ಭಾಗಗಳಿಂದಲ್ಲ, ಎಣ್ಣೆಯ ಪಂಪಿನಿಂದ. ಇಂದಿನ ಡೀಸೆಲಿನಲ್ಲಿ ಎಣ್ಣೆಯನ್ನು ಚದರಂಗುಲಕ್ಕೆ 29,000 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ಸಿಂಪಡಿಸುತ್ತಾರೆ. ಆ ಪಂಪಿಗೆ ಬೇರೆ ಕೀಲೆಣ್ಣೆಯಿಲ್ಲ. ಹಾದುಹೋಗುವ ಡೀಸೆಲೇ ಅದಕ್ಕೆ ನುಣುಪು ಕೊಡಬೇಕು. 2006ರಿಂದ ಅಮೆರಿಕದಲ್ಲಿ ಹೆದ್ದಾರಿಯ ಡೀಸೆಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 15 ಭಾಗಗಳಿಗೆ ಇಳಿಸಿದರು. ಗಾಳಿಗೆ ಒಳ್ಳೆಯದಾಯಿತು, ಆದರೆ ಗಂಧಕವನ್ನು ತೆಗೆಯುವ ಕ್ರಿಯೆಯಲ್ಲಿ ಎಣ್ಣೆಯ ನುಣುಪೂ ಹೋಗುತ್ತದೆ, ಬೇರೆ ದ್ರವ್ಯ ಬೆರೆಸಿ ಅದನ್ನು ಮರಳಿ ತರಬೇಕು. ಅಲ್ಲಿನ ನಿಯಮವು ಈ ವಿಷಯದಲ್ಲಿ ಯೂರೋಪಿನಷ್ಟು ಬಿಗಿಯಾಗಿಲ್ಲ. ಸಿ.ಪಿ.4 ಎಂಬ ಒಂದು ಬಗೆಯ ಪಂಪು ಇಂಥ ಎಣ್ಣೆಯಲ್ಲಿ ಸವೆದು, ಲೋಹದ ಪುಡಿಯನ್ನು ಕೊಳವೆಗಳಿಗೂ ಮೂತಿಗಳಿಗೂ ಹರಡಿ, ಇಡೀ ಎಣ್ಣೆಯ ವ್ಯವಸ್ಥೆಯನ್ನೇ ಹಾಳುಮಾಡಿದ ಪ್ರಸಂಗಗಳು ಬಹಳ. ಜಿ.ಎಂ. 2017ರ ಎಂಜಿನಿನಲ್ಲಿ ಅದನ್ನು ಕೈಬಿಟ್ಟು ಬೇರೆ ಪಂಪನ್ನು ಹಾಕಿತು. ವಿಚಿತ್ರವೆಂದರೆ ರ‍್ಯಾಮ್ 2019ರಲ್ಲಿ ಅದನ್ನೇ ತಂದು, 2021ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಟ್ರಕ್ಕುಗಳನ್ನು ಹಿಂದಕ್ಕೆ ಕರೆಸಿ ಹಳೆಯ ಬಗೆಯ ಪಂಪಿಗೆ ಮರಳಬೇಕಾಯಿತು. ಹಳೆಯ ಟ್ರಕ್ಕು ಕೊಳ್ಳುವವನು ಬಣ್ಣವನ್ನು ನೋಡುವ ಮೊದಲು ಪಂಪು ಯಾವುದೆಂದು ಕೇಳುವುದು ಮೇಲು.

ಹೊಗೆಯನ್ನು ಶುದ್ಧಿಮಾಡುವ ಏರ್ಪಾಟೂ ಒಂದು ತೊಡಕು. ಮಸಿಯನ್ನು ಹಿಡಿಯುವ ಸೋಸುಗ ಒಂದು, ಯೂರಿಯದ ದ್ರಾವಣ ಸಿಂಪಡಿಸಿ ವಿಷಾನಿಲಗಳನ್ನು ಸಾರಜನಕವಾಗಿಯೂ ನೀರಾಗಿಯೂ ಮಾರ್ಪಡಿಸುವ ಕೊಳವೆ ಇನ್ನೊಂದು. ಹಿಡಿದ ಮಸಿಯನ್ನು ಸುಡಲು ಸೋಸುಗವು ಚೆನ್ನಾಗಿ ಕಾಯಬೇಕು. ದಿನವೂ ಎರಡು ಮೈಲಿ ಹೋಗಿ ಬರುವ ಟ್ರಕ್ಕಿನಲ್ಲಿ ಅದು ಕಾಯುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ತೊಡಕೆಂದು ಇದನ್ನು ಮೋಸದಿಂದ ತಪ್ಪಿಸುವುದೂ ತರವಲ್ಲ. 2013ರಿಂದ 2019ರವರೆಗಿನ ಆರು ಲಕ್ಷಕ್ಕೂ ಹೆಚ್ಚು ರ‍್ಯಾಮ್ ಟ್ರಕ್ಕುಗಳಲ್ಲಿ ಶುದ್ಧೀಕರಣವನ್ನು ವಂಚಿಸುವ ಸಾಧನಗಳಿದ್ದುವೆಂಬ ಆರೋಪದ ಮೇಲೆ ಕಮಿನ್ಸ್ ಕಂಪನಿಯು 167 ಕೋಟಿ ಡಾಲರಿಗೂ ಮೀರಿದ ದಂಡ ತೆರಲು 2023ರ ಕೊನೆಯಲ್ಲಿ ಒಪ್ಪಿತು. ನನ್ನ ಮೆಚ್ಚುಗೆಯ ಎಂಜಿನಿಗೆ ಸಂಬಂಧಿಸಿದ ಈ ಸಂಗತಿಯನ್ನು ಬರೆಯದೆ ಬಿಡುವುದು ನ್ಯಾಯವಾಗದು.

ಭಾವನವರಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ವರ್ಷಕ್ಕೆ ಐದಾರು ಸಲ ಮಾತ್ರ ಎಳೆಯುವುದಾದರೆ ಡೀಸೆಲೇ ಬೇಡ. ದೊಡ್ಡ ಪೆಟ್ರೋಲ್ ಎಂಜಿನು ಸಾಕು, ಬೆನ್ನಿಗೂ ಹೆಚ್ಚು ಭಾರ ಉಳಿಯುತ್ತದೆ. ನಾಲ್ಕು ತಿಂಗಳು ಪರ್ವತಗಳಲ್ಲಿ ಅಲೆಯುವುದಾದರೆ ಡೀಸೆಲು ಸರಿ. ಆದರೆ ಒಂದು ಟನ್ನಿನದೇ ಆಗಬೇಕು. ದಿನವೂ ಭಾರ ಹೇರುವ ರೈತನೋ ಸಾಗಾಣಿಕೆಯವನೋ ಆಗಿದ್ದರೆ ಕಮಿನ್ಸ್ ಎನ್ನುತ್ತಿದ್ದೆ. ಅತ್ಯಂತ ದೊಡ್ಡ ಭಾರವಾಗಿದ್ದರೆ ಫೋರ್ಡ್. ಅಕ್ಕನ ಬೆನ್ನು ಮತ್ತು ದೂರದ ದಾರಿ ಇವೆರಡನ್ನೂ ನೆನೆದು ಜಿ.ಎಂ. ಎಂದೆ. ಟಾರ್ಕಿನಲ್ಲಿ ಮೂವರಲ್ಲಿ ಹಿಂದುಳಿದದ್ದು ಅದೇ ಎಂದು ಅವರು ಗೊಣಗಿದರು. 246ರ ಲೆಕ್ಕವನ್ನು ಇನ್ನೊಮ್ಮೆ ಮಾಡಿ ತೋರಿಸಿದೆ.

ನಾನು ಊರಿಗೆ ಮರಳಿದ ಎರಡು ತಿಂಗಳಿಗೆ ಅವರಿಂದ ಕಾಗದ ಬಂತು. ಟ್ರಕ್ಕನ್ನು ಕೊಂಡು, ಟ್ರೈಲರನ್ನು ಕಟ್ಟಿ, ಅದೇ ಸುರಂಗವನ್ನು ದಾಟಿ ಇಳಿದರಂತೆ. ಹೊಗೆಬ್ರೇಕಿನ ಗುಂಡಿಯನ್ನು ಸುರಂಗದೊಳಗೇ ಒತ್ತಿ, ಗಂಟೆಗೆ 45 ಮೈಲಿಯನ್ನು ಮೀರದಂತೆ. ಸಿಲ್ವರ್‌ಥಾರ್ನ್‌ನಲ್ಲಿ ನಿಲ್ಲಿಸಿ ಟ್ರೈಲರಿನ ಗಾಲಿಯ ಬಳಿ ಕೈಯೊಡ್ಡಿ ನೋಡಿದರೆ ಬೆಚ್ಚಗಿತ್ತು, ಸುಡಲಿಲ್ಲ. ಅಕ್ಕ ದಾರಿಯಲ್ಲೆಲ್ಲ ನಿದ್ದೆ ಮಾಡಿದಳಂತೆ.